ಪೆಟ್ಟಿಗೆಯ ಬಿಸಿಗೆ ಗಾಳಿಯ ಲೆಕ್ಕ

ಮಾರ್ಚ್ ಕಳೆಯಿತೆಂದರೆ ನಮ್ಮ ರಾಯಚೂರು ಸೀಮೆಯಲ್ಲಿ ಇಬ್ಬರಿಗೆ ಸುಗ್ಗಿ. ಒಬ್ಬ ಕಬ್ಬಿನ ಹಾಲಿನ ಗಾಡಿಯವನು. ಇನ್ನೊಬ್ಬ ಇನ್‌ವರ್ಟರ್, ಯುಪಿಎಸ್, ಸ್ಟೆಬಿಲೈಜರ್ ರಿಪೇರಿ ಮಾಡುವವನು. ಚಳಿಗಾಲವಿಡೀ ತಂಟೆ ತಕರಾರಿಲ್ಲದೆ ದುಡಿದ ಯಂತ್ರಗಳು ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಒಂದೊಂದಾಗಿ ಮಲಗತೊಡಗುತ್ತವೆ. ಸಂಜೆಗೆ ತಾವಾಗಿಯೇ ಎದ್ದು ಕೂರುವವೂ ಉಂಟು. ಮುಚ್ಚಳ ಬಿಚ್ಚಿ, ಎದುರಿಗೊಂದು ಟೇಬಲ್ ಫ್ಯಾನಿಟ್ಟು, ‘ಹೇಗೋ ಮಳೆಗಾಲದವರೆಗೆ ಸಾಗಲಿ’ ಎಂದು ಕೆಲಸ ನಡೆಸುವ ಕಚೇರಿಗಳನ್ನೂ ಜೆರಾಕ್ಸ್ ಅಂಗಡಿಗಳನ್ನೂ ನೀವು ನೋಡಿರುತ್ತೀರಿ.

ಈ ಟೇಬಲ್ ಫ್ಯಾನಿನ ಉಪಾಯವೇನೂ ಪೆದ್ದುತನದ್ದಲ್ಲ. ಅದರ ಹಿಂದಿರುವ ತಿಳಿವಳಿಕೆ ಮಾತ್ರ ಬಹುಪಾಲು ತಪ್ಪು. ಫ್ಯಾನು ‘ತಂಪು ಮಾಡುತ್ತದೆ’ ಎಂದು ನಾವೆಲ್ಲ ನಂಬಿದ್ದೇವೆ. ಅಂಗಡಿಗೆ ಹೋಗಿ ‘ಇದ್ದುದರಲ್ಲಿ ದೊಡ್ಡದು ಕೊಡಿ’ ಎಂದು ಕೇಳುವುದೂ ಇದೇ ನಂಬಿಕೆಯಿಂದ.

ಎಂಟನೆಯ ತರಗತಿಯ ಮಕ್ಕಳಿಗೆ ನಾನು ಪ್ರತಿವರ್ಷ ಒಂದು ಪ್ರಯೋಗ ಮಾಡಿಸುತ್ತೇನೆ. ಕೋಣೆಯ ನಡುವೆ ಥರ್ಮಾಮೀಟರ್ ತೂಗುಹಾಕಿ, ಉಷ್ಣತೆ ಬರೆದುಕೊಂಡು, ಫ್ಯಾನು ಹಾಕುವುದು. ಹತ್ತು ನಿಮಿಷದ ಮೇಲೆ ಮತ್ತೆ ನೋಡುವುದು. ಎಷ್ಟು ಇಳಿದಿರಬಹುದೆಂದು ಮೊದಲೇ ಕೇಳಿದರೆ ಒಬ್ಬ ಐದು ಡಿಗ್ರಿ ಎನ್ನುತ್ತಾನೆ, ಇನ್ನೊಬ್ಬಳು ಎರಡು ಎನ್ನುತ್ತಾಳೆ. ಪಾದರಸ ಮಾತ್ರ ಇದ್ದಲ್ಲೇ ಇರುತ್ತದೆ. ‘ಸಾರ್, ಥರ್ಮಾಮೀಟರ್ ಕೆಟ್ಟಿದೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಮೇಲೆ ಅದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಮತ್ತೆ ಫ್ಯಾನಿನಡಿ ಹಿಡಿದರೆ ಪಾದರಸ ಸರಸರನೆ ಇಳಿಯುತ್ತದೆ. ನಮ್ಮ ಮೈ ಆ ಒದ್ದೆ ಬಟ್ಟೆಯಿದ್ದ ಹಾಗೆ. ಬೆವರು ಆರುವಾಗ ತಂಪಾಗುತ್ತದೆ. ಫ್ಯಾನು ಬೆವರನ್ನು ಬೇಗ ಆರಿಸುತ್ತದೆ, ಅಷ್ಟೆ.

ಆದರೆ ಟ್ರಾನ್ಸಿಸ್ಟರು, ಚಿಪ್ಪುಗಳು ಬೆವರುವುದಿಲ್ಲವಲ್ಲ! ಅವುಗಳ ಪಾಲಿಗೆ ಫ್ಯಾನು ಬರೀ ಹಮಾಲಿ. ಒಳಗೆ ಹುಟ್ಟಿದ ಶಾಖವನ್ನು ಗಾಳಿಯ ಮೂಟೆಯಲ್ಲಿ ಹೊರಿಸಿ ಹೊರಗೆ ಸಾಗಿಸುವುದು ಅದರ ಕೆಲಸ. ಹೊರಗಿನ ಗಾಳಿಗಿಂತ ಪೆಟ್ಟಿಗೆಯನ್ನು ತಣ್ಣಗೆ ಮಾಡುವ ಶಕ್ತಿ ಅದಕ್ಕಿಲ್ಲ. ಗಾಳಿ ಬರಲು ಹೋಗಲು ದಾರಿಯೇ ಇಲ್ಲದ ಪೆಟ್ಟಿಗೆಯೊಳಗೆ ಕೂಡಿಹಾಕಿದರೆ ಅದು ಒಳಗಿನ ಬಿಸಿಯನ್ನೇ ಕಲಕುತ್ತ, ತಾನು ಉಂಡ ಎರಡು ಮೂರು ವಾಟನ್ನೂ ಶಾಖವಾಗಿ ಅದಕ್ಕೇ ಸೇರಿಸುತ್ತದೆ. ಆದ್ದರಿಂದ ಫ್ಯಾನು ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ದೊಡ್ಡದು?’ ಎಂದಲ್ಲ. ಒಳಗೆ ಎಷ್ಟು ಶಾಖ ಹುಟ್ಟುತ್ತಿದೆ, ಅದನ್ನು ಹೊರಲು ಎಷ್ಟು ಗಾಳಿ ಬೇಕು, ಆ ಗಾಳಿ ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹೋಗುತ್ತದೆ? ಇವಿಷ್ಟು ತಿಳಿದರೆ ಫ್ಯಾನಿನ ಅಳತೆ ತಾನಾಗಿ ಗೊತ್ತಾಗುತ್ತದೆ.

ಶಾಖ ಹುಟ್ಟುವುದೆಲ್ಲಿ?

ಉಪಕರಣ ನುಂಗಿದ ವಿದ್ಯುತ್ತು ಎಲ್ಲಿಗೆ ಹೋಗುತ್ತದೆ? ಪಂಪಾದರೆ ನೀರೆತ್ತುತ್ತದೆ, ಬಲ್ಬಾದರೆ ಬೆಳಕು ಕೊಡುತ್ತದೆ. ಗೋಡೆಗೆ ನೇತುಹಾಕಿದ ಸಿಸಿಟಿವಿ ರೆಕಾರ್ಡರು ಏನನ್ನೂ ಎತ್ತುವುದಿಲ್ಲ, ಎಳೆಯುವುದಿಲ್ಲ. ಅದು ತಿಂದ ಪ್ರತಿ ವಾಟೂ ಕಡೆಗೆ ಶಾಖವೇ. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಜಗತ್ತಿಗೆ ತೋರಿಸಿದ ಎನಿಯಾಕ್ ಗಣಕದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದು ಸುಮಾರು 150 ಕಿಲೋವಾಟ್ ವಿದ್ಯುತ್ತನ್ನು ನುಂಗುತ್ತಿತ್ತು. ನೂರೈವತ್ತು ಇಸ್ತ್ರಿಪೆಟ್ಟಿಗೆಗಳನ್ನು ಒಂದೇ ಕೋಣೆಯಲ್ಲಿ ಕಾಯಿಸಿಟ್ಟಂತೆ! ಆ ಬಿಸಿಯನ್ನು ಹೊರಗಟ್ಟಲು ದೊಡ್ಡ ಊದುಯಂತ್ರಗಳೇ ಬೇಕಾದವು. ವಿದ್ಯುನ್ಮಾನ ಗಣಕದಷ್ಟೇ ಹಳೆಯದು ಅದರ ಫ್ಯಾನಿನ ಕಥೆ.

ಬಿಸಿಯಾದರೆ ಆಗುವ ನಷ್ಟವೇನು? ತಕ್ಷಣ ಸುಟ್ಟು ಕರಕಲಾಗುವುದು ಅಪರೂಪ. ಆಗುವುದು ಆಯುಸ್ಸಿನ ಸವೆತ. ಪೆಟ್ಟಿಗೆಯೊಳಗೆ ಎಲ್ಲಕ್ಕಿಂತ ಬಡಪ್ರಾಣಿಯೆಂದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಅಲ್ಯೂಮಿನಿಯಂ ಡಬ್ಬಿ, ಒಳಗೆ ದ್ರವದಲ್ಲಿ ನೆನೆದ ಕಾಗದದ ಸುರುಳಿ. ಬಿಸಿಗೆ ಈ ದ್ರವ ನಿಧಾನವಾಗಿ ಆರುತ್ತ ಬರುತ್ತದೆ, ಡಬ್ಬಿಯ ನೆತ್ತಿ ಉಬ್ಬುತ್ತದೆ. ರಿಪೇರಿಯವನು ಮುಚ್ಚಳ ತೆಗೆದೊಡನೆ ಮೊದಲು ನೋಡುವುದು ಈ ಉಬ್ಬಿದ ನೆತ್ತಿಗಳನ್ನೇ. ಕೆಪಾಸಿಟರಿನ ಮೈಮೇಲೆ ಸಾಮಾನ್ಯವಾಗಿ 85 ಅಥವಾ 105 ಡಿಗ್ರಿ ಎಂದು ಅಚ್ಚಾಗಿರುತ್ತದೆ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವಂಥದ್ದನ್ನು ತೆಗೆದುಕೊಳ್ಳಿ. ಉಷ್ಣತೆ ಹತ್ತು ಡಿಗ್ರಿ ಇಳಿದಂತೆಲ್ಲ ಆಯುಸ್ಸು ಇಮ್ಮಡಿಯಾಗುತ್ತದೆಂಬುದು ಇಂಜಿನಿಯರುಗಳ ಅಂದಾಜು ಸೂತ್ರ. ಅಂದರೆ 75 ಡಿಗ್ರಿಯಲ್ಲಿ 16,000 ಗಂಟೆ, 65ರಲ್ಲಿ 32,000, 55ರಲ್ಲಿ 64,000. ಹಗಲು ರಾತ್ರಿ ಚಾಲೂ ಇರುವ ಉಪಕರಣಕ್ಕೆ ವರ್ಷಕ್ಕೆ 8,760 ಗಂಟೆ. ಭಾಗಿಸಿ ನೋಡಿ: 75 ಡಿಗ್ರಿಯಲ್ಲಿ ಎರಡು ವರ್ಷವೂ ತುಂಬದ ಕೆಪಾಸಿಟರ್ 55ರಲ್ಲಿ ಏಳು ವರ್ಷ ದಾಟುತ್ತದೆ. ಬರೀ ಇಪ್ಪತ್ತು ಡಿಗ್ರಿಯ ಅಂತರ!

ಈ ಸೂತ್ರದ ಬೇರು ರಸಾಯನಶಾಸ್ತ್ರದಲ್ಲಿದೆ. ಉಷ್ಣತೆಗೂ ರಾಸಾಯನಿಕ ಕ್ರಿಯೆಯ ವೇಗಕ್ಕೂ ಇರುವ ಸಂಬಂಧವನ್ನು 1889ರಲ್ಲಿ ಸಮೀಕರಣವಾಗಿ ಬರೆದವನು ಸ್ವೀಡನ್ನಿನ ಸ್ವಾಂಟೆ ಅರೀನಿಯಸ್. 1903ರಲ್ಲಿ ಅವನಿಗೆ ನೊಬೆಲ್ ಬಂದದ್ದು ಬೇರೆಯ ಕೆಲಸಕ್ಕೆ, ದ್ರಾವಣಗಳಲ್ಲಿ ಅಯಾನುಗಳ ಸಿದ್ಧಾಂತಕ್ಕೆ. ಬೇಸಗೆಯಲ್ಲಿ ದೋಸೆ ಹಿಟ್ಟು ಬೇಗ ಹುಳಿಯಾಗುವುದೂ ಯುಪಿಎಸ್ ಬೇಗ ಸಾಯುವುದೂ ಹತ್ತಿರದ ನೆಂಟರೇ.

ಎರಡರ ಮಗ್ಗಿ ಸಾಕು

ಈಗ ಲೆಕ್ಕಕ್ಕೆ ಬರೋಣ. ಹೆದರಬೇಕಿಲ್ಲ, ಏಳನೆಯ ತರಗತಿಯ ಗಣಿತ ಸಾಕು.

ಒಂದು ಘನ ಮೀಟರ್ ಗಾಳಿ, ಅಂದರೆ ಒಂದು ಮೀಟರ್ ಉದ್ದ ಅಗಲ ಎತ್ತರದ ಗಾಳಿ, ಸಮುದ್ರಮಟ್ಟದಲ್ಲಿ ಸುಮಾರು 1.2 ಕಿಲೋಗ್ರಾಂ ತೂಗುತ್ತದೆ. ಅದನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1,200 ಜೂಲ್ ಬೇಕು. ಅದೇ ಗಾತ್ರದ ನೀರಿಗೆ ಇದರ ಮೂರು ಸಾವಿರಕ್ಕೂ ಹೆಚ್ಚು ಪಟ್ಟು ಬೇಕು. ಗಾಳಿ ಬಲು ಚಿಕ್ಕ ಮೂಟೆ ಹೊರುವ ಹಮಾಲಿ; ಅದಕ್ಕೇ ಅಷ್ಟೊಂದು ಗಾಳಿ ಸುರಿಯಬೇಕಾಗುತ್ತದೆ.

ಪೆಟ್ಟಿಗೆಯೊಳಗೆ 100 ವಾಟ್ ಹುಟ್ಟುತ್ತಿದೆ ಎನ್ನಿ. ವಾಟ್ ಎಂದರೆ ಸೆಕೆಂಡಿಗೆ ಒಂದು ಜೂಲ್. ಒಳ ಬಂದ ಗಾಳಿ ಹೊರ ಹೋಗುವಾಗ 10 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಸಾಕೆಂದುಕೊಳ್ಳೋಣ. ಆಗ ಒಂದು ಘನ ಮೀಟರ್ ಗಾಳಿ 12,000 ಜೂಲ್ ಹೊರುತ್ತದೆ. ನೂರನ್ನು ಹನ್ನೆರಡು ಸಾವಿರದಿಂದ ಭಾಗಿಸಿದರೆ ಸೆಕೆಂಡಿಗೆ 8.3 ಲೀಟರ್, ಗಂಟೆಗೆ 30 ಘನ ಮೀಟರ್. ಅಂಗಡಿಯ ಫ್ಯಾನುಗಳ ಮೇಲೆ ಈ ಅಳತೆ ಸಾಮಾನ್ಯವಾಗಿ ಸಿ.ಎಫ್.ಎಂ. ಎಂದಿರುತ್ತದೆ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ. ಒಂದು ಸಿ.ಎಫ್.ಎಂ. ಗಂಟೆಗೆ 1.7 ಘನ ಮೀಟರಿಗೆ ಸಮ. ನಮ್ಮ ಲೆಕ್ಕಕ್ಕೆ ಬೇಕಾದದ್ದು ಸುಮಾರು 18 ಸಿ.ಎಫ್.ಎಂ.

ಇಷ್ಟೆಲ್ಲ ನೆನಪಿಡಬೇಕಿಲ್ಲ. ವಾಟನ್ನು 1.8ರಿಂದ ಗುಣಿಸಿ, ಎಷ್ಟು ಡಿಗ್ರಿ ಏರಿಕೆ ಒಪ್ಪಿಗೆಯೋ ಅದರಿಂದ ಭಾಗಿಸಿದರೆ ಸಿ.ಎಫ್.ಎಂ. ಸಿಗುತ್ತದೆ. ಈ 1.8 ಮಂಗಳೂರು, ಕಾರವಾರದಂಥ ಕರಾವಳಿಗೆ ಸರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ. ಅಲ್ಲಿ ಗಾಳಿ ತೆಳು. ರಾಯಚೂರು ಅಷ್ಟು ಎತ್ತರವಿಲ್ಲ, ಆದರೆ 42 ಡಿಗ್ರಿ ಬಿಸಿಲಿಗೆ ಗಾಳಿ ಹಿಗ್ಗಿ ಹಗುರಾಗುತ್ತದೆ. ಕಾರಣ ಬೇರೆ ಬೇರೆಯಾದರೂ ಎರಡೂ ಕಡೆ ಗುಣಕ ಸುಮಾರು 2 ಆಗುತ್ತದೆ. ಒಳ್ಳೆಯದೇ ಆಯಿತು, ಎರಡರ ಮಗ್ಗಿ ಎಲ್ಲರಿಗೂ ಬರುತ್ತದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕವಿದೆ. ಅದನ್ನು ನಡೆಸುವುದು ಇಲ್ಲಿನ ಹೊಸಕೋಟೆಯಿಂದ. ಅಷ್ಟು ಎತ್ತರದಲ್ಲಿ ಇದೇ ಲೆಕ್ಕ ಹಾಕುವವರು 3ರಿಂದ ಗುಣಿಸಬೇಕು. ಹೊರಗೆ ಎಷ್ಟೇ ಚಳಿಯಿದ್ದರೂ ಹೊರಲು ಹಮಾಲಿಗಳೇ ಕಡಿಮೆ!

ಇನ್ನು ಎಷ್ಟು ಡಿಗ್ರಿ ಏರಿಕೆ ಒಪ್ಪಬೇಕು? ಇದನ್ನು ಪುಸ್ತಕ ಹೇಳುವುದಿಲ್ಲ, ನಿಮ್ಮೂರು ಹೇಳುತ್ತದೆ. ಪೆಟ್ಟಿಗೆಯ ಗಾಳಿ 50 ಡಿಗ್ರಿ ದಾಟಬಾರದೆಂದಿದ್ದರೆ, ಕೋಣೆ 30 ಡಿಗ್ರಿ ಇರುವ ಊರಿನವನಿಗೆ 20 ಡಿಗ್ರಿಯ ಸವಲತ್ತಿದೆ. ಕೋಣೆಯೇ 42 ಇದ್ದರೆ ಉಳಿದದ್ದು ಎಂಟೇ ಡಿಗ್ರಿ. ಅದೇ ಉಪಕರಣಕ್ಕೆ ಎರಡೂವರೆ ಪಟ್ಟು ಗಾಳಿ ಬೇಕು. ತಣ್ಣನೆಯ ದೇಶದಲ್ಲಿ ರೂಪಿಸಿದ ಯಂತ್ರಗಳು ಇಲ್ಲಿಗೆ ಬಂದು ಏದುಸಿರು ಬಿಡುವುದು ಇದೇ ಕಾರಣಕ್ಕೆ.

ನಮ್ಮ ಶಾಲೆಯ ಕಚೇರಿಯಲ್ಲಿರುವ ಪೆಟ್ಟಿಗೆಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ತಗಡಿನ ಗೋಡೆಪೆಟ್ಟಿಗೆ, ಎದುರಿಗೆ ಗಾಜಿನ ಬಾಗಿಲು. ಒಳಗೆ ಸಿಸಿಟಿವಿ ರೆಕಾರ್ಡರ್, ನೆಟ್‌ವರ್ಕ್ ಸ್ವಿಚ್, ಒಂದು ಪುಟ್ಟ ಯುಪಿಎಸ್. ಗುತ್ತಿಗೆಯವರು ಕೂರಿಸಿ ಹೋದ ಮೇಲೆ ಎರಡು ಬೇಸಗೆ, ಎರಡು ಹಾರ್ಡ್‌ಡಿಸ್ಕ್ ಹೋದವು. ಎರಡನೆಯದು ಹೋದಾಗ ಪರೀಕ್ಷೆಯ ದಿನಗಳ ಚಿತ್ರೀಕರಣವೂ ಅದರೊಂದಿಗೇ ಹೋಯಿತು. ಮುಖ್ಯೋಪಾಧ್ಯಾಯರು ಮೇಲಿನವರಿಗೆ ಉತ್ತರ ಕೊಡಬೇಕಾದ ಪ್ರಸಂಗ ಬಂತು. ಹೊಸ ಡಿಸ್ಕಿನ ಜೊತೆ ‘ಏಸಿ ಹಾಕಿಸಿ’ ಎಂಬ ಪುಕ್ಕಟೆ ಸಲಹೆಯೂ ಬಂತು. ಸರ್ಕಾರಿ ಅನುದಾನದ ಶಾಲೆಗೆ ಏಸಿ!

ಥರ್ಮಾಮೀಟರನ್ನು ಪೆಟ್ಟಿಗೆಯ ಮೇಲ್ಭಾಗದಲ್ಲಿಟ್ಟು ಬಾಗಿಲು ಹಾಕಿ ಮಧ್ಯಾಹ್ನ ಮೂರಕ್ಕೆ ನೋಡಿದೆವು. ಕೋಣೆ 40 ಡಿಗ್ರಿ, ಪೆಟ್ಟಿಗೆಯೊಳಗೆ 58. ಹಾರ್ಡ್‌ಡಿಸ್ಕ್‌ಗಳಿಗೆ ಸಾಮಾನ್ಯವಾಗಿ 60 ಡಿಗ್ರಿಯೇ ಎಲ್ಲೆ. ಸುತ್ತಲಿನ ಗಾಳಿಯೇ 58 ಇದ್ದರೆ ಒಳಗೆ ತಿರುಗುವ ಡಿಸ್ಕಿನ ಪಾಡೇನು? ಮೀಟರು 110 ವಾಟ್ ತೋರಿಸಿತು. ಆದರೆ ಅದರಲ್ಲಿ ಸುಮಾರು 40 ವಾಟ್ ತಂತಿಯ ಮೂಲಕ ಕ್ಯಾಮೆರಾಗಳಿಗೆ ಹೋಗಿ ಅಲ್ಲಿ ಶಾಖವಾಗುತ್ತದೆ. ಪೆಟ್ಟಿಗೆಯೊಳಗೆ ಉಳಿಯುವುದು 70. ಇಂಥ ಕಳೆಯುವ ಲೆಕ್ಕವನ್ನು ಮರೆಯಬಾರದು. ಯುಪಿಎಸ್, ಇನ್‌ವರ್ಟರುಗಳಲ್ಲಂತೂ ಒಳಹೋದದ್ದಕ್ಕೂ ಹೊರಬಂದದ್ದಕ್ಕೂ ಇರುವ ವ್ಯತ್ಯಾಸ ಮಾತ್ರ ಶಾಖ.

ಎಪ್ಪತ್ತನ್ನು ಎರಡರಿಂದ ಗುಣಿಸಿದರೆ 140. ಒಳಗೆ 48 ಡಿಗ್ರಿ ಸಾಕೆಂದರೆ ಏರಿಕೆ 8. ಭಾಗಿಸಿದರೆ ಹದಿನೇಳೂವರೆ ಸಿ.ಎಫ್.ಎಂ. ಬಣ್ಣ ಬಳಿದ ತಗಡಿನ ಮೈಯಿಂದಲೂ ಶಾಖ ಹೋಗುತ್ತದೆ: ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5 ವಾಟ್. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಕೈಮೇಲಿರಲಿ ಎಂದು ಬಿಟ್ಟೆವು. ಹತ್ತು ವಾಟಿನ ರೌಟರ್ ಒಂದನ್ನೇ ಇಟ್ಟ ಪೆಟ್ಟಿಗೆಗೆ ಫ್ಯಾನೇ ಬೇಡವೆಂದು ತಿಳಿಯುವುದೂ ಈ ಸಂಖ್ಯೆಯಿಂದಲೇ.

ಚೀಟಿಯ ಮೇಲಿನ ಸಂಖ್ಯೆ, ಪೆಟ್ಟಿಗೆಯೊಳಗಿನ ಗಾಳಿ

ಹದಿನೇಳೂವರೆ ಬೇಕೆಂದು 18 ಸಿ.ಎಫ್.ಎಂ. ಫ್ಯಾನು ತಂದರೆ ಕೆಲಸ ಕೆಟ್ಟಿತು. ಫ್ಯಾನಿನ ಚೀಟಿಯಲ್ಲಿರುವುದು ಎದುರಿಗೆ ಏನೂ ಅಡ್ಡಿಯಿಲ್ಲದಾಗ ಅದು ಸಾಗಿಸುವ ಗಾಳಿ. ಪೆಟ್ಟಿಗೆಯಲ್ಲಿ ಜಾಲರಿಯಿದೆ, ಶೋಧಕವಿದೆ, ತಂತಿಗಳ ಸಿಕ್ಕಿದೆ, ತಿರುವುಗಳಿವೆ. ಇವೆಲ್ಲ ಗಾಳಿಗೆ ತಡೆ. ಊದುಗೊಳವೆಯಲ್ಲಿ ಒಲೆ ಊದಿದವರಿಗೆ ಗೊತ್ತು: ಕೊಳವೆಯ ತುದಿ ಬೂದಿಯಿಂದ ಕಟ್ಟಿಕೊಂಡರೆ ಕೆನ್ನೆ ಉಬ್ಬುತ್ತದೆಯೇ ಹೊರತು ಗಾಳಿ ಹೋಗುವುದಿಲ್ಲ. ಫ್ಯಾನಿಗೆ ಆ ಕೆನ್ನೆಯ ಬಲವೂ ಕಡಿಮೆ. ಸಾಧಾರಣ ಪಂಖಗಳು ಒತ್ತಬಲ್ಲ ಒತ್ತಡ ಕೆಲವೇ ಮಿಲಿಮೀಟರ್ ನೀರಿನಷ್ಟು. ಒಂದು ಹೀರುಕೊಳವೆಯಲ್ಲಿ ನೀವು ಲೀಲಾಜಾಲವಾಗಿ ಹತ್ತು ಸೆಂಟಿಮೀಟರ್ ಶರಬತ್ತು ಎತ್ತುತ್ತೀರಿ. ಈ ಪಂಖಗಳು ಒಂದು ಸೆಂಟಿಮೀಟರನ್ನೂ ಎತ್ತಲಾರವು.

ತಯಾರಕರ ಪಟ್ಟಿಯಲ್ಲಿ ಒತ್ತಡ ಹೆಚ್ಚಿದಂತೆ ಗಾಳಿ ಹೇಗೆ ಇಳಿಯುತ್ತದೆಂಬ ಗೆರೆ ಇರುತ್ತದೆ. ನಿಮ್ಮ ಪೆಟ್ಟಿಗೆಯ ತಡೆಯನ್ನು ಸೂಚಿಸುವ ಇನ್ನೊಂದು ಗೆರೆ ಅದನ್ನು ಎಲ್ಲಿ ದಾಟುತ್ತದೋ ಅಷ್ಟೇ ನಿಮಗೆ ದಕ್ಕುವ ಗಾಳಿ. ಎರಡನೆಯ ಗೆರೆ ಎಳೆಯುವ ಸಾಧನ ನಮ್ಮಂಥವರ ಬಳಿ ಇರುವುದಿಲ್ಲ. ಹಾಗಾಗಿ ಲೆಕ್ಕದಲ್ಲಿ ಬಂದದ್ದರ ಇಮ್ಮಡಿ ತೆಗೆದುಕೊಳ್ಳಿ. ಹತ್ತಿಯ ಜಿನ್ನಿಂಗ್ ಮಿಲ್ಲಿನ ಪಕ್ಕದಲ್ಲಿದ್ದರೆ, ಶೋಧಕ ದಪ್ಪಗಿದ್ದರೆ ಮೂರು ಪಟ್ಟು. ಎರಡು ಫ್ಯಾನು ಅಕ್ಕಪಕ್ಕ ಹಾಕಿದರೆ ಗಾಳಿ ಎರಡು ಪಟ್ಟಾಗುತ್ತದೆಂದು ತಿಳಿಯುವುದೂ ತಪ್ಪು. ಬಯಲಿನಲ್ಲಿ ಆಗುತ್ತದೆ. ತಡೆ ಹೆಚ್ಚಿರುವ ಪೆಟ್ಟಿಗೆಯಲ್ಲಿ ಅಲ್ಪಸ್ವಲ್ಪ ಹೆಚ್ಚೀತು, ಅಷ್ಟೆ. ಅಲ್ಲದೆ ಅವುಗಳಲ್ಲೊಂದು ನಿಂತುಹೋದರೆ ಇನ್ನೊಂದು ಊದಿದ ಗಾಳಿ ಆ ತೂತಿನಲ್ಲೇ ವಾಪಸು ಹೋಗುತ್ತದೆ. ಇನ್ನೊಂದು ಫ್ಯಾನಿಗೆ ಸುರಿಯುವ ದುಡ್ಡಿನಲ್ಲಿ ಕಿಂಡಿ ದೊಡ್ಡದು ಮಾಡಿಸುವುದು ಮೇಲು.

ಕಿಂಡಿಯ ಮಾತಿಗೆ ಬಂದರೆ, ಹೊರ ಹೋಗುವ ಕಿಂಡಿಗಳ ಒಟ್ಟು ವಿಸ್ತಾರ ಫ್ಯಾನಿನ ಬಾಯಿಗಿಂತ ಚಿಕ್ಕದಿರಬಾರದು. ಒಂದೂವರೆ ಪಟ್ಟಿದ್ದರೆ ಲೇಸು. ತಣ್ಣನೆಯ ಗಾಳಿ ಕೆಳಗಿನಿಂದ ಬಂದು ಬಿಸಿಗಾಳಿ ಮೇಲಿನಿಂದ ಹೋಗಬೇಕು. ಹಳೆಯ ತೊಟ್ಟಿಮನೆ ಕಟ್ಟಿದವರಿಗೆ, ಅಡುಗೆಮನೆಯ ಸೂರಿನಲ್ಲಿ ಹೊಗೆಗಿಂಡಿ ಬಿಟ್ಟವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬಂದ ಗಾಳಿ ಬಿಸಿ ವಸ್ತುವನ್ನು ಸವರಿಕೊಂಡೇ ಹೋಗಬೇಕು. ಫ್ಯಾನಿನ ಪಕ್ಕದಲ್ಲೇ ಕಿಂಡಿಯಿದ್ದರೆ ಗಾಳಿ ಸೋಮಾರಿ, ಹತ್ತಿರದ ಬಾಗಿಲಿನಲ್ಲೇ ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಬಿಡುತ್ತದೆ. ನಮ್ಮ ಶಾಲೆಯ ಪೆಟ್ಟಿಗೆಯಲ್ಲಿ ತಯಾರಕರೇ ಎರಡೂ ಪಕ್ಕ ಸೀಳುಗಳನ್ನು ಕೊಟ್ಟಿದ್ದರು. ಎಡಗಡೆ ಕೆಳಗೆ ಫ್ಯಾನು ಕೂರಿಸಿ, ಅದರ ಸುತ್ತಲಿನ ಸೀಳುಗಳನ್ನೆಲ್ಲ ಟೇಪು ಹಚ್ಚಿ ಮುಚ್ಚಿ, ಬಲಗಡೆ ಮೇಲಿನವನ್ನು ಮಾತ್ರ ತೆರೆದಿಟ್ಟೆವು.

ಒಳಕ್ಕೆ ಊದಬೇಕೋ ಹೊರಕ್ಕೆ ಎಳೆಯಬೇಕೋ ಎಂಬುದು ಇಂಜಿನಿಯರುಗಳಲ್ಲೂ ಮುಗಿಯದ ಜಗಳ. ಹೊರಕ್ಕೆ ಎಳೆದರೆ ಫ್ಯಾನು ಸದಾ ಬಿಸಿಗಾಳಿಯಲ್ಲಿ ತಿರುಗಿ ಬೇಗ ಸವೆಯುತ್ತದೆ. ಜೊತೆಗೆ ಪೆಟ್ಟಿಗೆಯ ಪ್ರತಿ ಬಿರುಕಿನಿಂದಲೂ ಧೂಳು ಒಳಗೆ ಬರುತ್ತದೆ. ಒಳಕ್ಕೆ ಊದಿದರೆ ಬರುವ ಗಾಳಿಯೆಲ್ಲ ಒಂದೇ ಬಾಗಿಲಿನಿಂದ ಬರುತ್ತದೆ. ಆ ಬಾಗಿಲಿಗೆ ಸ್ಪಂಜಿನ ಶೋಧಕ ಹಾಕಬಹುದು, ಬಿರುಕುಗಳಿಂದ ಗಾಳಿ ಹೊರಕ್ಕೆ ಹೋಗುವುದರಿಂದ ಧೂಳು ನುಗ್ಗದು. ಎರೆಭೂಮಿಯ ಧೂಳು ತಿನ್ನುವ ನಮ್ಮಂಥ ಊರುಗಳಿಗೆ ಊದುವುದೇ ಸರಿಯೆಂದು ನನ್ನ ಮತ. ಆದರೆ ಒಂದು ಶರತ್ತು: ಹದಿನೈದು ದಿನಕ್ಕೊಮ್ಮೆ ಶೋಧಕ ತೊಳೆಯುವವರು ಯಾರೆಂದು ಮೊದಲೇ ಗೊತ್ತುಮಾಡಿ. ತೊಳೆಯುವವರಿಲ್ಲದಿದ್ದರೆ ಶೋಧಕವೇ ಬೇಡ. ಕಟ್ಟಿಕೊಂಡ ಶೋಧಕ ಫ್ಯಾನನ್ನೇ ಕೊಲ್ಲುತ್ತದೆ. ಹೊರ ಹೋಗುವ ಕಿಂಡಿಗೂ ಸಣ್ಣ ಜಾಲರಿಯಿರಲಿ. ಬೆಚ್ಚಗಿನ ಜಾಗವೆಂದರೆ ಹಲ್ಲಿಗೆ, ಇರುವೆಗೆ ತವರುಮನೆ. ಉಪ್ಪುಗಾಳಿಯ ಕಡಲ ತೀರದಲ್ಲಿ, ಬಯಲಲ್ಲಿ ಮಳೆಗೆ ನೆನೆಯುವ ಕಂಬದ ಮೇಲೆ ಇಡುವ ಪೆಟ್ಟಿಗೆಗಳಿಗೆ ಈ ಉಪಾಯವೇ ಸಲ್ಲದು. ಅವನ್ನು ಪೂರ್ತಿ ಮುಚ್ಚಿ, ಮೈಯಿಂದಲೇ ಶಾಖ ಬಿಡುವಂತೆ ದೊಡ್ಡದಾಗಿ, ನೆರಳಿನಲ್ಲಿ ಕಟ್ಟಬೇಕು.

ಫ್ಯಾನಿನ ಆಯ್ಕೆ ಈಗ ಸುಲಭ. 40, 60, 80, 92, 120 ಮಿಲಿಮೀಟರ್ ಚದರದ ಪಂಖಗಳು ಅಂಗಡಿಯಲ್ಲಿ ಸಿಗುತ್ತವೆ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಗುಡ್ಡೆಯೇ ಇದೆ. ಒಂದೇ ಪ್ರಮಾಣದ ಗಾಳಿಯನ್ನು ದೊಡ್ಡ ಪಂಖ ನಿಧಾನವಾಗಿ, ಸದ್ದಿಲ್ಲದೆ ಸಾಗಿಸುತ್ತದೆ. ಚಿಕ್ಕದು ಜೀರುಂಡೆಯಂತೆ ಕಿರುಚಿಕೊಂಡು ಸಾಗಿಸುತ್ತದೆ. ಜಾಗವಿದ್ದರೆ ದೊಡ್ಡದನ್ನೇ ಆರಿಸಿ, ನಿಧಾನವಾಗಿ ತಿರುಗಿಸಿ. 230 ವೋಲ್ಟಿನ ಏಸಿ ಪಂಖಕ್ಕೆ ಬೇರೆ ವಿದ್ಯುತ್ ಪೂರೈಕೆ ಬೇಡವೆನ್ನುವುದು ಅನುಕೂಲವೇ. ಆದರೆ 120 ಮಿಲಿಮೀಟರಿನದು ತಾನೇ ಹದಿನೈದು ಇಪ್ಪತ್ತು ವಾಟ್ ತಿನ್ನುತ್ತದೆ, ವೇಗ ಸುಲಭವಾಗಿ ಹಿಡಿತಕ್ಕೆ ಸಿಗುವುದಿಲ್ಲ. 12 ವೋಲ್ಟಿನ ಡಿಸಿ ಪಂಖ ಎರಡು ಮೂರು ವಾಟಿನಲ್ಲಿ ಮುಗಿಸುತ್ತದೆ. ಬೇರಿಂಗ್ ಎರಡು ಬಗೆ. ತೋಳಿನ ಬೇರಿಂಗ್, ಅಂದರೆ ಸ್ಲೀವ್, ಅಗ್ಗ ಮತ್ತು ಮೆಲುದನಿಯದು. ಆದರೆ ಬಿಸಿಗೆ ಅದರ ಎಣ್ಣೆ ಆರುತ್ತದೆ, ಅಂಗಾತ ಮಲಗಿಸಿ ಕೂರಿಸಿದರೆ ಬೇಗ ಸೋಲುತ್ತದೆ. ಗುಂಡಿನ ಬೇರಿಂಗ್, ಅಂದರೆ ಬಾಲ್, ತುಸು ಗುರುಗುಟ್ಟುತ್ತದೆ, ಹೆಚ್ಚು ದಿನ ಬಾಳುತ್ತದೆ. ಬಿಸಿಲ ನಾಡಿಗೆ ಎರಡನೆಯದೇ ಬೇಕು. ಅಂಗಡಿಯವನು ಹೇಳಿದ್ದನ್ನು ನಂಬದೆ ಚೀಟಿ ನೋಡಿ.

ಕಡಿವಾಣ

ಸದ್ದು ಬೇಡವೆಂದು ಫ್ಯಾನನ್ನೇ ಕೈಬಿಟ್ಟವರೂ ಇದ್ದಾರೆ. 1980ರಲ್ಲಿ ಬಂದ ಆ್ಯಪಲ್ 3 ಗಣಕದಲ್ಲಿ ಫ್ಯಾನಿರಲಿಲ್ಲ. ಲೋಹದ ಮೈಯೇ ಶಾಖವನ್ನು ಹೊರಬಿಡಲಿ ಎಂಬುದು ಯೋಜನೆ. ಕೊಂಡವರ ಮೇಜಿನ ಮೇಲೆ ಅದರ ಚಿಪ್ಪುಗಳು ಸಾಕೆಟ್ಟಿನಿಂದ ಸಡಿಲಾಗತೊಡಗಿದವು. ಗಣಕವನ್ನು ಒಂದೆರಡು ಅಂಗುಲ ಎತ್ತಿ ದಪ್ಪನೆ ಬಿಡಿ, ಚಿಪ್ಪುಗಳು ಮತ್ತೆ ಕೂರುತ್ತವೆ ಎಂಬ ಸಲಹೆ ಕೊಡಲಾಗುತ್ತಿತ್ತೆಂಬುದು ಗಣಕ ಲೋಕದಲ್ಲಿ ಪ್ರಸಿದ್ಧ ಕಥೆ.

ಸದ್ದಿಗೆ ಮದ್ದು ಫ್ಯಾನು ಕೀಳುವುದಲ್ಲ, ಅದಕ್ಕೆ ಕಡಿವಾಣ ಹಾಕುವುದು. ನಡುಬೇಸಗೆಯ ಮಧ್ಯಾಹ್ನಕ್ಕೆಂದು ಆರಿಸಿದ ಪಂಖ ಡಿಸೆಂಬರಿನ ಬೆಳಗಿನ ಜಾವ ಪೂರ್ಣ ವೇಗದಲ್ಲಿ ತಿರುಗುವುದೇಕೆ? ವೇಗ ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ. ಆದರೆ ವಿದ್ಯುತ್ತು ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ! ಗಾಳಿ ವೇಗಕ್ಕೆ ಅನುಗುಣ, ಒತ್ತಡ ವೇಗದ ವರ್ಗಕ್ಕೆ, ವಿದ್ಯುತ್ತು ವೇಗದ ಘನಕ್ಕೆ. ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ. ಹತ್ತು ಡೆಸಿಬೆಲ್ ತಗ್ಗಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳಿಸುತ್ತದೆ. ಮೆಲ್ಲಗೆ ತಿರುಗುವ ಫ್ಯಾನು ಧೂಳನ್ನೂ ಕಡಿಮೆ ಎಳೆಯುತ್ತದೆ.

ಸರಳವಾದ ಕಡಿವಾಣ ದ್ವಿಲೋಹ ಪಟ್ಟಿಯ ಸ್ವಿಚ್ಚು. ಹತ್ತನೆಯ ತರಗತಿಯವರೆಗೆ ಓದಿದವರೆಲ್ಲ ಅದನ್ನು ಬಲ್ಲರು: ಬೇರೆ ಬೇರೆಯಾಗಿ ಹಿಗ್ಗುವ ಎರಡು ಲೋಹಗಳ ಬೆಸುಗೆ, ಬಿಸಿಗೆ ಬಾಗಿ ಸಂಪರ್ಕ ಕೂಡಿಸುತ್ತದೆ. 45 ಡಿಗ್ರಿಗೆ ಕೂಡುವಂಥದ್ದನ್ನು ಫ್ಯಾನಿನ ತಂತಿಯಲ್ಲಿ ಸೇರಿಸಿದರೆ ಆಯಿತು. ಕೂಡುವ ಉಷ್ಣತೆಗೂ ಬಿಡುವ ಉಷ್ಣತೆಗೂ ನಡುವೆ ಕೆಲವು ಡಿಗ್ರಿಗಳ ಅಂತರವಿರಬೇಕು. 45ಕ್ಕೇ ಕೂಡಿ 45ಕ್ಕೇ ಬಿಟ್ಟರೆ ಫ್ಯಾನಿಗೆ ನಿಮಿಷಕ್ಕೊಮ್ಮೆ ಏಳು ಕೂರು, ಏಳು ಕೂರು.

ಇನ್ನೂ ನಯವಾದದ್ದು ಥರ್ಮಿಸ್ಟರ್. 25 ಡಿಗ್ರಿಯಲ್ಲಿ 10,000 ಓಮ್ ತಡೆಯಿರುವ ಸಾಧಾರಣ ಥರ್ಮಿಸ್ಟರು 50 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು 3,600 ಓಮಿಗೆ ಇಳಿದಿರುತ್ತದೆ. ಈ ಇಳಿತವನ್ನು ಗಮನಿಸಿ ಫ್ಯಾನಿನ ವೋಲ್ಟೇಜನ್ನು ಏರಿಸುವ ಪುಟ್ಟ ಮಂಡಲವನ್ನು ಪಿಯುಸಿ ಹುಡುಗರೂ ಕಟ್ಟಬಲ್ಲರು. ಒಂದೇ ಎಚ್ಚರಿಕೆ: 12 ವೋಲ್ಟಿನ ಪಂಖ ನಾಲ್ಕೈದು ವೋಲ್ಟಿನಲ್ಲಿ ತಿರುಗುತ್ತಿರಬಲ್ಲದು, ಆದರೆ ನಿಂತ ಜಾಗದಿಂದ ಹೊರಡಲು ಅದಕ್ಕೆ ಹೆಚ್ಚು ಬೇಕು. ಕೆಸರಲ್ಲಿ ಹೂತ ಗಾಡಿಗೆ ಮೊದಲ ಎಳೆತವೇ ಕಷ್ಟ. ಮೊದಲ ಕ್ಷಣ ಪೂರ್ಣ 12 ವೋಲ್ಟ್ ಕೊಟ್ಟು ಆಮೇಲೆ ತಗ್ಗಿಸಬೇಕು.

ಗಣಕಗಳಲ್ಲಿ ಈಗ ಬಳಕೆಯಲ್ಲಿರುವುದು ನಾಲ್ಕು ತಂತಿಯ ಫ್ಯಾನು. ಎರಡು ತಂತಿ ವಿದ್ಯುತ್ತಿಗೆ. ಮೂರನೆಯದು ಫ್ಯಾನು ಒಂದು ಸುತ್ತು ತಿರುಗಿದಾಗ ಎರಡು ಸಲ ಮಿಡಿದು ‘ತಿರುಗುತ್ತಿದ್ದೇನೆ’ ಎಂದು ವರದಿ ಒಪ್ಪಿಸುತ್ತದೆ. ನಾಲ್ಕನೆಯದು ಆಜ್ಞೆಯ ತಂತಿ. ಸೆಕೆಂಡಿಗೆ 25,000 ಸಲ ಹಾಕಿ ತೆಗೆಯುವ ಸಂಕೇತದಲ್ಲಿ ಹಾಕಿದ ಪಾಲು ಎಷ್ಟೋ ವೇಗ ಅಷ್ಟು. ಇಪ್ಪತ್ತೈದು ಸಾವಿರವೇ ಏಕೆಂದರೆ ನಮ್ಮ ಕಿವಿ ಇಪ್ಪತ್ತು ಸಾವಿರದಿಂದಾಚೆ ಕೇಳಿಸಿಕೊಳ್ಳದು. ಆಜ್ಞೆಯ ತಂತಿ ಕಡಿದುಹೋದರೆ ಈ ಫ್ಯಾನು ನಿಲ್ಲುವುದಿಲ್ಲ, ಪೂರ್ಣ ವೇಗದಲ್ಲಿ ತಿರುಗುತ್ತದೆ. ಒಡೆಯ ಸತ್ತರೆ ಆಳು ದುಪ್ಪಟ್ಟು ದುಡಿಯುವ ಏರ್ಪಾಟು! ನೀವು ಯಾವ ಬಗೆಯ ನಿಯಂತ್ರಣ ಮಾಡಿದರೂ ಇದೊಂದು ಗುಣವನ್ನು ಬಿಡಬೇಡಿ: ಸೂಕ್ಷ್ಮಗ್ರಾಹಿ ಕೆಟ್ಟರೆ ಪಂಖ ನಿಲ್ಲಬಾರದು, ಓಡಬೇಕು. ಸೂಕ್ಷ್ಮಗ್ರಾಹಿಯನ್ನು ಒಳಬರುವ ಗಾಳಿಯೆದುರು ಅಂಟಿಸಿದರೆ ಅದು ಕೋಣೆಯ ಸುದ್ದಿ ಹೇಳುತ್ತ ಕೂರುತ್ತದೆ. ಅದರ ಜಾಗ ಅತಿ ಬಿಸಿಯಾದ ವಸ್ತುವಿನ ಮೇಲೆ, ಇಲ್ಲವೇ ಹೊರಹೋಗುವ ಕಿಂಡಿಯ ಬಳಿ.

ನಮ್ಮ ಶಾಲೆಯ ಪೆಟ್ಟಿಗೆಗೆ 120 ಮಿಲಿಮೀಟರಿನ ಗುಂಡು ಬೇರಿಂಗಿನ ಒಂದು ಪಂಖ, ಸ್ಪಂಜಿನ ತುಂಡು, ದ್ವಿಲೋಹ ಸ್ವಿಚ್ಚು, ಒಂದು ಹಳೆಯ 12 ವೋಲ್ಟ್ ಅಡಾಪ್ಟರ್ ಸಾಕಾದವು. ಖರ್ಚು ಒಂದು ಹಾರ್ಡ್‌ಡಿಸ್ಕಿನ ಬೆಲೆಯ ಹತ್ತಿರವೂ ಸುಳಿಯಲಿಲ್ಲ. ಮೇ ತಿಂಗಳ ಮಧ್ಯಾಹ್ನ ಕೋಣೆ 41 ಇದ್ದಾಗ ಒಳಗೆ 47. ಶೋಧಕ ತೊಳೆಯುವ ಪಾಳಿಯನ್ನು ಒಂಬತ್ತನೆಯ ತರಗತಿಯವರು ಗೋಡೆಯ ಮೇಲೆ ಬರೆದಿಟ್ಟಿದ್ದಾರೆ.

ನೀವೂ ಕೈಹಾಕುವುದಾದರೆ ಮೊದಲು ಪ್ಲಗ್ ಕೀಳಿ. ಯುಪಿಎಸ್ ಆದರೆ ಬ್ಯಾಟರಿಯ ತಂತಿಯನ್ನೂ ಬಿಚ್ಚಿ. ವಿದ್ಯುತ್ತು ತೆಗೆದ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ಆಘಾತ ಕೊಡುವಷ್ಟು ಶಕ್ತಿ ಸ್ವಲ್ಪ ಹೊತ್ತು ಉಳಿದಿರುತ್ತದೆ, ಬೆರಳು ದೂರವಿರಲಿ. ಧೂಳು ಊದುವಾಗ ಪಂಖದ ರೆಕ್ಕೆಯನ್ನು ಕಡ್ಡಿಯಿಂದ ತಡೆದು ಹಿಡಿಯಿರಿ; ಬಿಟ್ಟರೆ ಅದು ತನ್ನ ಮಿತಿ ಮೀರಿ ಗಿರಗಿರನೆ ತಿರುಗಿ ಬೇರಿಂಗ್ ಹಾಳುಮಾಡಿಕೊಳ್ಳುತ್ತದೆ. ಚೌಕಟ್ಟಿನ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಬಾಣಗಳಿರುತ್ತವೆ: ಒಂದು ತಿರುಗುವ ದಿಕ್ಕು, ಇನ್ನೊಂದು ಗಾಳಿ ಹೋಗುವ ದಿಕ್ಕು. ಕೆಟ್ಟ ಫ್ಯಾನಿನ ಬದಲಿ ತರುವಾಗ ಹಳೆಯದನ್ನು ಜೊತೆಗೇ ಒಯ್ಯಿರಿ. ಮರೆತರೆ ತಿರುಪಿನ ರಂಧ್ರಗಳ ನಡುವಿನ ಅಂತರವನ್ನಾದರೂ ಅಳೆದುಕೊಂಡು ಹೋಗಿ. 80 ಮಿಲಿಮೀಟರಿನ ಪಂಖಕ್ಕೆ ಅದು 71.5 ಮಿಲಿಮೀಟರ್, 92ಕ್ಕೆ 82.5, 120ಕ್ಕೆ 105.